ಹೋಗು ಅಂದವನಿಗೇ ಸಿಟ್ಟು

ಪ್ರಾರ್ಥನಾಲಯದ ಕಿಟಕಿಗೆ ಸರಳು ವೆಲ್ಡಿಂಗ್ ಮಾಡುತ್ತಿದ್ದ ಹುಡುಗನಿಗೆ ಕೈಯಲ್ಲಿದ್ದ ಬೆಂಕಿಗಿಂತ ಹೊಟ್ಟೆಯೊಳಗಿನದೇ ಜಾಸ್ತಿ ಸುಡುತ್ತಿತ್ತು. ಈ ಕ್ರೈಸ್ತ ಸಭೆಯ ಪಾಸ್ಟರು ಅವನ ಅಪ್ಪನನ್ನು ಸತ್ತ ಮೇಲೂ ಬಿಟ್ಟಿರಲಿಲ್ಲ.

ಅಪ್ಪ ಲಾರಿ ಡ್ರೈವರ್. ಈ ಸಭೆಯವರಲ್ಲಿ ಒಂದು ರೂಢಿ: ಯಾರೇ ದೂರ ಹೊರಡಲಿ, ಮೊದಲು ಪಾಸ್ಟರ ಹತ್ತಿರ ವಾಕ್ಯ ತೆಗೆಸಬೇಕು. ಅವರು ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುತ್ತಾರೆ. ಬೆರಳು ಬಿದ್ದ ಸಾಲಷ್ಟೇ ದೇವರ ಮಾತು. ಮುಂದಿನದನ್ನು ಓದಿದರೆ ನಂಬಿಕೆ ಸಾಲದು ಅಂತ ಅರ್ಥ. ಅಪ್ಪ ಕೊನೆಯ ಬಾಡಿಗೆಗೆ ಹೊರಟಾಗ ಬೆರಳು ಬಿದ್ದದ್ದು ಬಿಳಾಮನ ಕತೆಯ ಮೇಲೆ. ಬಿಳಾಮನೆಂಬ ಪ್ರವಾದಿಯನ್ನು ರಾಜನೊಬ್ಬನ ಆಳುಗಳು ಕರೆಯಲು ಬಂದಾಗ, ಎದ್ದು ಅವರ ಜೊತೆ ಹೋಗು ಅಂತ ದೇವರೇ ಅಪ್ಪಣೆ ಕೊಟ್ಟ ಸಾಲು. ಅಪ್ಪ ನಗುನಗುತ್ತಾ ಹೋದ. ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಿತು.

ಮಣ್ಣು ಮಾಡುವಾಗ ಅದೇ ಪಾಸ್ಟರು ಅದೇ ಕತೆಯ ಮುಂದಿನ ಸಾಲು ಹಿಡಿದುಕೊಂಡರು. ಬಿಳಾಮ ಹೊರಟದ್ದಕ್ಕೆ ದೇವರಿಗೆ ಸಿಟ್ಟು ಬಂತು, ಆಸೆ ಹೆಚ್ಚಾದವನನ್ನು ದೇವರು ದಾರಿಯಲ್ಲೇ ತಡೆಯುತ್ತಾನೆ ಅಂತ ಬೋಧನೆ ಮಾಡಿದರು. ಅವತ್ತಿನಿಂದ ಅಮ್ಮ ಸಭೆಯಲ್ಲಿ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ ಮುಟ್ಟಿಲ್ಲ. ದೇವರ ಸಿಟ್ಟಿಗೆ ಸಿಕ್ಕಿ ಸತ್ತವನ ಹೆಂಡತಿ ತಾನು ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಮಾತನ್ನು ಪಾಸ್ಟರ ಬಾಯಿಂದಲೇ ವಾಪಸು ತೆಗೆಸಬೇಕು ಅಂತಲೇ ಹುಡುಗ ಈ ಕೆಲಸ ಒಪ್ಪಿಕೊಂಡಿದ್ದ.

ಮಧ್ಯಾಹ್ನ ಪಾಸ್ಟರು ಕೆಲಸ ನೋಡಲು ಬಂದರು. ಹುಡುಗ ಮುಖಗವಸು ಎತ್ತಿ ನೇರವಾಗಿ ಕೇಳಿಬಿಟ್ಟ. ಹೋಗು ಅಂದವನಿಗೇ, ಹೋದ ಅಂತ ಸಿಟ್ಟು ಬರುವುದು ಯಾವ ನ್ಯಾಯ?

ಪಾಸ್ಟರು ಮೆತ್ತಗೆ ನಕ್ಕರು. ಅಪ್ಪಣೆ ಬೇರೆ, ದೇವರ ಇಷ್ಟ ಬೇರೆ ಅಂದರು. ಬೈಬಲಿನಲ್ಲೇ ನೋಡು, ಯೇಸುವಿನ ಸುವಾರ್ತೆ ಸಾರಿದ ಪೌಲನನ್ನು ಯೆರೂಸಲೇಮಿಗೆ ಹೊರಡಿಸಿದ್ದು ಪವಿತ್ರಾತ್ಮನೇ, ಹೋಗಬೇಡ ಅಂತ ವಿಶ್ವಾಸಿಗಳಿಂದ ಹೇಳಿಸಿದ್ದೂ ಪವಿತ್ರಾತ್ಮನೇ. ಎರಡೂ ನಿಜ, ನಮ್ಮ ತಲೆ ಸಣ್ಣದು ಅಂದರು. ಓದು ಅರ್ಧಕ್ಕೇ ಬಿಟ್ಟವನಿಗೆ ಇದೆಲ್ಲ ಯಾಕೆ ಅಂತಲೂ ಸೇರಿಸಿದರು.

"ನಮ್ಮ ತಲೆ ಸಣ್ಣದೇ ಇರ್ಲಿ ಪಾಸ್ಟ್ರೇ. ನಿಮ್ಮ ಬೆರಳು ಅದೆಷ್ಟು ದೊಡ್ಡದು?"

ಪಾಸ್ಟರ ಮುಖ ಗಂಟಿಕ್ಕಿತು. ಹುಡುಗನ ಕೈಲಿದ್ದ ಸರಳು ನೆಲಕ್ಕೆ ಬಿದ್ದು ಠಣ್ಣೆಂದಿತು. ಬಿತ್ತೋ, ಎಸೆದನೋ, ಅವನಿಗೇ ಗೊತ್ತಿರಲಿಲ್ಲ.

"ಸುಮ್ನಿರೋ," ಅಂದಳು ಅಮ್ಮ. ಮಗನಿಗೆ ಊಟ ತಂದವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಪಾಸ್ಟರ ಎದುರು ಬಂದಳು.

"ಅವರು ಹೊರಟ ದಿನ ಮುಂದಿನ ಸಾಲು ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು ಅಂತ ಪಾಸ್ಟರು ಒಪ್ಪಿಕೊಂಡರು. ರೂಢಿ ಮೀರಬಾರದು ಅಂತ, ಹೊರಟವನ ಮನಸ್ಸು ಕೆಡಿಸಬಾರದು ಅಂತ ಸುಮ್ಮನಿದ್ದರಂತೆ. ಸತ್ತವನ ಹೆಂಡತಿಯ ಮನಸ್ಸು ಕೆಡಿಸುವಾಗ ಮಾತ್ರ ಯಾವ ರೂಢಿಯೂ ಅಡ್ಡ ಬರಲಿಲ್ಲವಲ್ಲ ಅಂತ ಹುಡುಗ ಹಲ್ಲು ಕಚ್ಚಿದ.

ಅಮ್ಮ ಬೈಬಲ್ ತಂದು ಅವರ ಕೈಗಿತ್ತಳು. "ಬೆರಳಿಡಬೇಡಿ. ಮೊದಲಿಂದ ಓದಿ."

ಪಾಸ್ಟರು ಓದಿದರು. ರಾಜನ ಆಳುಗಳು ಮೊದಲ ಸಲ ಬಂದದ್ದು, ಅವರ ಜೊತೆ ಹೋಗಕೂಡದು ಅಂತ ದೇವರು ಖಡಾಖಂಡಿತವಾಗಿ ಹೇಳಿದ್ದು, ಅವರು ಇನ್ನಷ್ಟು ಆಸೆ ತೋರಿಸಿ ಮತ್ತೆ ಬಂದದ್ದು, ಬಿಳಾಮ ಮತ್ತೆ ಕೇಳಲು ಹೋದದ್ದು.

"ನಿಲ್ಸಿ. ಅವನಿಗೆ ದೇವರು ಮೊದಲೇ ಬೇಡ ಅಂದಿದ್ದ. ನಮ್ಮನೆಯವರಿಗೆ ಯಾರು ಬೇಡ ಅಂದ್ರು?"

ಪಾಸ್ಟರು ಪುಟ ತಿರುವಿದರು, ಮತ್ತೆ ಹಿಂದಕ್ಕೆ ಬಂದರು. ಯಾರೂ ಇಲ್ಲ ಅಂತ ಕೊನೆಗೆ ಬಾಯಿಬಿಟ್ಟರು.

"ಹಾಗಾದ್ರೆ ಇದು ಅವರ ಕತೆ ಅಲ್ಲ. ಭಾನುವಾರ ಎಲ್ಲರ ಮುಂದೆ ಹಾಗಂತ ಹೇಳಿ."

"ನೋಡೋಣಮ್ಮ."

"ನೋಡೋದೇನಿಲ್ಲ. ನೀವು ಹೇಳದಿದ್ರೆ ನಾನೇ ಎದ್ದು ಹೇಳ್ತೀನಿ. ನನ್ನ ಗಂಡನ ಮೇಲೆ ದೇವರಿಗೆ ಸಿಟ್ಟಿರಲಿಲ್ಲ."

ಅಮ್ಮ ಹೊರಟಳು. ಹುಡುಗ ವೆಲ್ಡಿಂಗ್ ತಂತಿ ಸುತ್ತಿ ಹೆಗಲಿಗೇರಿಸಿದ. ಅವನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಉಳಿದ ಕೆಲಸ ಯಾವಾಗ ಮುಗಿಸುತ್ತೀಯ ಅಂತ ಪಾಸ್ಟರು ಹಿಂದಿನಿಂದ ಕೇಳಿದರು.

"ಭಾನುವಾರ ಕಳೀಲಿ," ಅಂದ, ತಿರುಗಿಯೂ ನೋಡದೆ.