ಸರಿಪಡಿಸಬಹುದಾದ ಸವಕಳಿ

"ಏ ಮುಂಡೆ, ಬಿರುಕು ಕಾಣಬಾರ್ದು ಅಂದ್ನಲ್ಲ! ಕಣ್ಣೇನು ಅಡವಿಟ್ಟು ಬಂದಿದ್ಯಾ?"

ಯಜಮಾನ ಕುರ್ಚಿಯಿಂದ ಏಳದೆ ಕಾಲಲ್ಲೇ ಗೋಡೆ ತೋರಿಸಿದ. ಗಾರೆಯಕ್ಕ ಏಣಿಯಿಂದ ಇಳಿಯದೆ ಇನ್ನೊಂದು ಕರಣೆ ಗಾರೆ ತೆಗೆದು ಬಿರುಕಿಗೆ ಒತ್ತಿದಳು. ಛಾವಣಿಯಿಂದ ಕಿಟಕಿಯವರೆಗೆ ಇಳಿದಿದ್ದ ಬಿರುಕು ಅದು, ಬೆರಳು ತೂರುವಷ್ಟು ಅಗಲ. ಮುಂದಿನ ಗೋಡೆಗಳ ಬಿರುಕು ಮುಚ್ಚಿಯಾಗಿತ್ತು, ಅದರ ಮೇಲಿನ ಬಣ್ಣವೂ ಒಣಗಿತ್ತು. ಉಳಿದದ್ದು ಇದೊಂದೇ.

ರಸ್ತೆ ಅಗಲ ಮಾಡಲು ಆ ಸಾಲಿನ ಮನೆಗಳೆಲ್ಲ ಬೀಳಲಿದ್ದವು. ಪರಿಹಾರಕ್ಕಾಗಿ ಅವುಗಳ ಬೆಲೆ ಕಟ್ಟಲು ಎಂಜಿನಿಯರ್ ಮಾರನೆಯ ದಿನ ಬರುವವನಿದ್ದ.

ಕೆಲಸ ಮುಗಿದಾಗ ಯಜಮಾನ ಮೂಲೆಯಲ್ಲಿದ್ದ ಅರ್ಧ ಮೂಟೆ ಸಿಮೆಂಟು ತೋರಿಸಿದ. "ಕೂಲಿಗೆ ಬದಲು ಇದನ್ನ ಹೊತ್ಕೊಂಡ್ ಹೋಗು. ನಿನ್ ಗೂಡಿಗೂ ಮೆತ್ಕೋ."

ಅವಳ ಗೂಡು ಯಜಮಾನನ ದೊಡ್ಡ ಮನೆಯ ಹಿಂದೆ, ಸರ್ಕಾರದ ತುಂಡು ಜಾಗದಲ್ಲಿತ್ತು. ಒಂದು ಕೋಣೆ, ಒಂದು ಒಲೆ, ಅತ್ತೆ ಮತ್ತು ಅವಳು. ಮೇಸ್ತ್ರಿಯಾಗಿದ್ದ ಗಂಡ ಸಾಯುವ ಮುಂಚೆ ಹನ್ನೆರಡು ವರ್ಷದ ಹಿಂದೆ ಕಟ್ಟಿದ್ದು. ನೆಲ ಅವರದಲ್ಲ, ಹಾಗಾಗಿ ಗೋಡೆಗಷ್ಟೇ ಪರಿಹಾರ. ಅದು ಕೈಗೆ ಬಂದರೆ ತಂಗಿಯ ಹಿತ್ತಲಲ್ಲಿ ಒಂದು ಕೋಣೆ ಎಬ್ಬಿಸಬಹುದಿತ್ತು. ಬರದಿದ್ದರೆ ಇಬ್ಬರೂ ಬೀದಿಗೆ.

ಬಾಗಿಲ ಮೇಲಿನ ಲಿಂಟಲ್ ಮಾತ್ರ ಹಳೆಯದು. ಮಾವ ಕಟ್ಟಿದ್ದ ಮೊದಲ ಮನೆ ಕೆಡವಿದಾಗ ಗಂಡ ಅದನ್ನು ಹೊತ್ತು ತಂದು ಇಲ್ಲಿ ಕೂರಿಸಿದ್ದ. ಗಾರೆ ಹಸಿಯಿದ್ದಾಗ ಮೊಳೆಯಿಂದ ಇಸವಿ ಕೊರೆಯುವುದು ಆ ಮನೆತನದ ಮೇಸ್ತ್ರಿಗಳ ಪದ್ಧತಿ. ಮಾವನೂ ಈ ಲಿಂಟಲ್ ಮೇಲೆ ಕೊರೆದಿದ್ದ. ದೊಡ್ಡವರು ನೋಡಲು ಬರುತ್ತಾರೆಂದು ಗಾರೆಯಕ್ಕ ಅಂಕಿಗಳ ಧೂಳು ಒರೆಸಿ ಕೆಂಪು ಬಣ್ಣ ತುಂಬಿದಳು. ದೂರದಿಂದಲೂ ಚೆನ್ನಾಗಿ ಕಾಣುತ್ತಿತ್ತು.

ಮಾರನೆಯ ದಿನ ದೊಡ್ಡ ಮನೆಯ ಲೆಕ್ಕ ಮುಗಿಸಿ ಹಿಂದಕ್ಕೆ ಬಂದ ಎಂಜಿನಿಯರ್ ಮೊದಲು ನೋಡಿದ್ದೂ ಅದನ್ನೇ.

"ನಲವತ್ತೊಂದು ವರ್ಷ," ಎಂದ. ಗುಮಾಸ್ತ ಬರೆದುಕೊಂಡ. ಹಿಂದೆ ಯಜಮಾನ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ.

"ನಮ್ಮೋರು ಬರೆದದ್ದು ಸ್ವಾಮಿ!" ಅತ್ತೆ ಹಿಗ್ಗಿದಳು. "ನಲವತ್ತೊಂದು ವರ್ಷ ಆಯ್ತು, ಒಂದು ಕೂದಲೆಳೆ ಬಿರುಕಿದ್ಯಾ ನೋಡಿ!"

"ಅತ್ತೆ, ಬಾಯ್ಮುಚ್ಚು. ಸಾರ್, ಲಿಂಟಲ್ ಮಾತ್ರ ಹಳೇದು. ಮನೆಗೆ ಬರೀ ಹನ್ನೆರಡು."

"ಕಾಗದ ಇದೆಯಾ?"

"ಗೋಡೆ ಕಟ್ಟೋರಿಗೆ ಕಾಗದ ಯಾರು ಕೊಡ್ತಾರೆ ಸಾರ್?"

"ಹಾಗಾದ್ರೆ ಇದೇ ದಾಖಲೆ. ಇಂಥ ಮನೆ ಆಯಸ್ಸು ನಲವತ್ತು. ಅದು ಮುಗಿದು ಒಂದು ವರ್ಷ ಆಗಿದೆ."

ಮುಗಿದ ಮನೆಯೊಳಗೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು.

"ದೊಡ್ಡ ಮನೇನೂ ಅದೇ ವರ್ಷದ್ದು ಸಾರ್. ಕಟ್ಟಿದ್ದೂ ನಮ್ಮ ಮಾವನೇ."

"ಅದು ಚೆನ್ನಾಗಿ ನೋಡ್ಕೊಂಡಿರೋ ಮನೆ. ನೋಡೋಕೆ ಎಷ್ಟು ಕಾಣುತ್ತೋ ಅಷ್ಟು ವಯಸ್ಸು ಹಾಕೋದು. ಹತ್ತು ಹಾಕಿದೀನಿ."

"ಚೆನ್ನಾಗಿ ನೋಡ್ಕೊಂಡಿದ್ದು ನಾನು ಸಾರ್. ನಿನ್ನೆ."

"ನಾಲಿಗೆ ಉದ್ದ ಆಯ್ತು ನಿಂದು," ಎಂದ ಯಜಮಾನ, ಕರವಸ್ತ್ರದೊಳಗಿಂದಲೇ.

ಎಂಜಿನಿಯರ್ ಮೂಗರಳಿಸಿದ. ದೊಡ್ಡ ಮನೆಯ ಹಿಂಗೋಡೆಯಿಂದ ಹೊರಟ ಕಪ್ಪು ಪೈಪು ಗಾರೆಯಕ್ಕನ ಬಾಗಿಲಿಗೆ ಮೂರು ಮೊಳ ದೂರದಲ್ಲಿ ಬಾಯಿ ಬಿಟ್ಟಿತ್ತು. ಬಚ್ಚಲು, ಪಾಯಿಖಾನೆ ಎಲ್ಲವೂ ಅದರಲ್ಲೇ ಬರುತ್ತಿತ್ತು.

"ಇದು ಹೊರಗಿನ ಸವಕಳಿ," ಎಂದು ಎಂಜಿನಿಯರ್ ಗುಮಾಸ್ತನಿಗೆ ಪಾಠ ಹೇಳಿದ. "ಮನೇದು ತಪ್ಪಿಲ್ಲ, ಅಕ್ಕಪಕ್ಕದ ತೊಂದ್ರೆ. ಬೆಲೇಲಿ ಹದಿನೈದು ಪರ್ಸೆಂಟ್ ಕಳಿ."

"ಆ ಪೈಪು ಯಾರದ್ದು ಸಾರ್?"

"ಯಾರದ್ದಾದ್ರೂ ಆಗ್ಲಿ. ಎಲ್ಲಿ ಬೀಳುತ್ತೆ ಅನ್ನೋದಷ್ಟೇ ಮುಖ್ಯ."

"ಮತ್ತೆ ದೊಡ್ಡ ಮನೇಲಿ ಎಷ್ಟು ಕಳೆದ್ರಿ?"

"ಅಲ್ಲಿ ವಾಸನೆ ಇಲ್ವಲ್ಲಮ್ಮ."

ಗುಮಾಸ್ತ ಕ್ಯಾಲ್ಕುಲೇಟರ್ ಒತ್ತಿ ತಡವರಿಸಿದ. "ಸಾರ್, ಆಯಸ್ಸು ಮುಗಿದ ಮನೆಗೆ ಉಳಿಯೋದೇ ಹತ್ತು ಪರ್ಸೆಂಟ್. ಹದಿನೈದು ಕಳೆದ್ರೆ ಮೈನಸ್ ಐದು ಬರ್ತಿದೆ."

ಎಂಜಿನಿಯರ್ ಯೋಚಿಸಿದ. "ಮೈನಸ್ ಬರೆಯೋಕೆ ಜಾಗ ಇಲ್ಲ. ಸೊನ್ನೆ ಹಾಕು." ಆಮೇಲೆ ಗಾರೆಯಕ್ಕನ ಕಡೆ ತಿರುಗಿದ. "ಐದು ನಿಮಗೆ ಬಿಟ್ಟಿದೀವಿ."

ಅವಳು ಪೈಪನ್ನೇ ನೋಡುತ್ತಿದ್ದಳು. "ವಾಸನೆ ನಿಂತ್ರೆ ಆ ಹದಿನೈದು ತೆಗೀತೀರಾ?"

"ಸರಿಪಡಿಸಬಹುದಾದ ಸವಕಳಿ ಆದ್ರೆ ತೆಗೀತೀನಿ. ಊಟ ಆದ್ಮೇಲೆ ಸಹಿ ಹಾಕೋದು. ಅಷ್ಟರೊಳಗೆ ನಿಲ್ಸು ನೋಡೋಣ."

ಯಜಮಾನ ಹೊಟ್ಟೆ ಕುಣಿಸಿಕೊಂಡು ನಕ್ಕು, ಇಬ್ಬರನ್ನೂ ಊಟಕ್ಕೆ ಕರೆದುಕೊಂಡು ಹೋದ.

ಗಾರೆಯಕ್ಕ ಅರ್ಧ ಮೂಟೆಯ ಬಾಯಿ ಬಿಚ್ಚಿದಳು.

"ಮರಳೆಷ್ಟೇ?" ಅತ್ತೆ ಕೇಳಿದಳು.

"ಕಡಿಮೆ ಹಾಕು. ಗಟ್ಟಿ ಆಗ್ಬೇಕು."

"ಇಟ್ಟಿಗೆ?"

"ಮೂರು ಸಾಕು. ಮೊದ್ಲು ಆ ಹರಕು ಗೋಣಿ ಕೊಡು."

ಪೈಪಿನಲ್ಲಿ ನೀರು ನಿಂತ ಹೊತ್ತು ನೋಡಿ ಅವಳು ಗೋಣಿಯನ್ನು ಅದರೊಳಗೆ ಮೊಣಕೈವರೆಗೆ ತುರುಕಿದಳು. ಒಡೆದ ಇಟ್ಟಿಗೆ ಜಡಿದು, ಸಂದಿಗೆಲ್ಲ ಗಾರೆ ತುಂಬಿ, ಕರಣೆಯಿಂದ ಎಳೆದು ನಯ ಮಾಡಿದಳು. ಹಿಂದಿನ ದಿನ ದೊಡ್ಡ ಮನೆಯ ಗೋಡೆಗೆ ಮಾಡಿದ್ದಕ್ಕಿಂತ ಇದು ಚೆನ್ನಾಗಿತ್ತು. ದೊಡ್ಡ ಮನೆಯವರು ಊಟ ಮುಗಿಸಿ ಕೈ ತೊಳೆದರು, ಪಾತ್ರೆ ತೊಳೆದರು. ಯಾರೋ ಪಾಯಿಖಾನೆಗೂ ಹೋಗಿಬಂದರು.

ಮೊದಲು ಕೇಳಿದ್ದು ಯಜಮಾನಿಯ ಕಿರುಚಾಟ. ಆಮೇಲೆ ಯಜಮಾನ ಪಂಚೆ ಮೊಣಕಾಲಿಗೆ ಎತ್ತಿಕೊಂಡು ಹಿತ್ತಲಿಗೆ ಓಡಿಬಂದ.

"ಯಾವಳೇ ಅವಳು ಪೈಪಿಗೆ ಕೈ ಹಾಕಿದ್ದು? ಬೋಳಿಮಗಳೇ, ಗಲೀಜೆಲ್ಲ ಹಾಲ್ ತನಕ ಬಂದಿದೆ ಕಣೇ!"

ಹಿಂದೆ ಎಂಜಿನಿಯರ್ ಬಂದ. ಬೂಟು ಕೈಯಲ್ಲಿತ್ತು. ಕೊನೆಗೆ ಗುಮಾಸ್ತ, ಕಡತವನ್ನು ತಲೆಯ ಮೇಲೆ ಹೊತ್ತು.

ಗಾರೆಯಕ್ಕ ತಲೆಯೆತ್ತಲಿಲ್ಲ. ಹಸಿ ಗಾರೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಳೆಯಿಂದ ಅಂಕಿ ಕೊರೆಯುತ್ತಿದ್ದಳು. ಈ ಸಲ ಬರೀ ಇಸವಿಯಲ್ಲ. ತಾರೀಕು, ತಿಂಗಳು, ಇಸವಿ, ಮೂರೂ.

"ಯಾರೂ ಮುಟ್ಬೇಡಿ, ಇನ್ನೂ ಹಸಿ ಇದೆ," ಎಂದಳು. "ಸಾರ್, ಇಲ್ಲಿ ವಾಸನೆ ನಿಂತಿದೆ. ಬರ್ಕೊಳ್ಳಿ."

ಗುಮಾಸ್ತ ಕಡತ ಇಳಿಸಿ ತನ್ನಷ್ಟಕ್ಕೆ ಹಾಳೆ ಹಿಂದಕ್ಕೆ ಮಗುಚಿದ. ದೊಡ್ಡ ಮನೆಯ ಪುಟದಲ್ಲಿ 'ಹೊರಗಿನ ಸವಕಳಿ' ಎಂಬುದರ ಮುಂದಿನ ಜಾಗ ಖಾಲಿಯಿತ್ತು. ಅಲ್ಲಿ ಪೆನ್ನಿನ ತುದಿ ಇಟ್ಟು, ಎಂಜಿನಿಯರ್ ಮುಖ ನೋಡಿದ.

"ಸಾರ್, ಇಲ್ಲಿ ಎಷ್ಟು ಹಾಕ್ಲಿ?"