ಒಂದನೇ ದರ್ಜೆಯ ಕೇಕು

ನಮ್ಮ ಮಕ್ಕಳ ಸರ್ಜರಿ ವಾರ್ಡಲ್ಲಿ ತಪ್ಪು ಮಾಡಿದೋರು ಶುಕ್ರವಾರ ಬೆಳಗಿನ ಮೀಟಿಂಗಿಗೆ ಕೇಕು ತರಬೇಕು. ಮನೇಲಿ ತಾವೇ ಮಾಡಿದ್ದು. ಅಂಗಡೀದು ತಂದ್ರೆ ಅದು ಇನ್ನೊಂದು ತಪ್ಪು.

ತಪ್ಪಿಗೆ ತಕ್ಕ ಕೇಕು. ಮಗುವಿಗೆ ಏನೂ ಆಗದೆ ನಮ್ಮ ಎಡವಟ್ಟಿಂದ ಆಪರೇಷನ್ ಮುಂದಕ್ಕೆ ಹೋದ್ರೆ ಒಂದನೇ ದರ್ಜೆ, ಸಾದಾ ಕೇಕು. ಹೆಚ್ಚಿಗೆ ಔಷಧಿ ಕೊಡಬೇಕಾದ್ರೆ ಎರಡು, ಹಣ್ಣಿನ ಕೇಕು. ಮತ್ತೆ ಥಿಯೇಟರಿಗೆ ಒಯ್ದ್ರೆ ಮೂರು, ಮೇಲೆ ಕೆನೆ. ಜೀವಕ್ಕೇ ಕುತ್ತು ಬಂದ್ರೆ ನಾಲ್ಕು, ಜೀವ ಹೋದ್ರೆ ಐದು, ಅವಕ್ಕೆ ಕೇಕಿಲ್ಲ. ಅಂಥ ಶುಕ್ರವಾರ ಚಹಾ ಹಾಗೇ ಆರುತ್ತೆ, ಕಲ್ಲುಸಕ್ಕರೆ ಬಟ್ಟಲನ್ನ ಯಾರೂ ಮುಟ್ಟಲ್ಲ.

ಈ ದರ್ಜೆ ಬರೆಯೋ ರಿಜಿಸ್ಟರು ನಂದು. ಹತ್ತೊಂಬತ್ತು ವರ್ಷದಿಂದ. ಬೇರೆಲ್ಲ ಕಂಪ್ಯೂಟರಿಗೆ ಹೋಯ್ತು, ಇದು ಮಾತ್ರ ನನ್ನ ಕಂಕುಳಲ್ಲೇ ಉಳೀತು. "ಗೆಶೆ ಸಿಸ್ಟರ್ ಬಂದ್ರು" ಅಂದ್ರೆ ದೊಡ್ಡ ದೊಡ್ಡ ಡಾಕ್ಟರುಗಳೂ ಕೋಟಿನ ಗುಂಡಿ ಹಾಕ್ಕೋತಾರೆ. ತಪ್ಪು ಬರೆಸಿದೋರಿಗೆ ಕೇಕು, ಬಚ್ಚಿಟ್ಟೋರಿಗೆ ನನ್ನ ಬಾಯಿ, ಇದು ನನ್ನ ಮಾತು. ನಾನು ಮಾತ್ರ ಒಂದು ಸಲವೂ ಕೇಕು ತಂದೋಳಲ್ಲ. ಕತ್ತರಿ ಹಿಡಿಯದೋಳು ತಪ್ಪು ಮಾಡೋದಾದ್ರೂ ಎಲ್ಲಿಂದ ಅಂತ ಜಂಬ ಬೇರೆ.

ಆ ಶುಕ್ರವಾರದ ಕೇಕು ಡಾಕ್ಟರ್ ಇಮ್ಕೆದು. ಹೊಸ ಹುಡುಗಿ, ಪ್ರೊಬೇಷನ್ ಮುಗಿಯೋಕೆ ಎರಡೇ ವಾರ. ಒಂದು ಮಗುವಿನ ಹೊಲಿಗೆ ಕೆಂಪಾಗಿ ಆ್ಯಂಟಿಬಯಾಟಿಕ್ ಕೊಡಬೇಕಾಗಿತ್ತು, ಅದಕ್ಕೆ ಪ್ಲಮ್ ಹಣ್ಣಿನ ಕೇಕು. ಅವಳ ಹೆಸರಿಗೆ ಅದು ಎರಡನೇ ದಾಖಲೆ. ನಮ್ಮ ಪ್ರೊಫೆಸರ್ ಲ್ಯೂಡರ್ಸ್ ಮೂರನೇ ತುಂಡು ನುಂಗ್ತಾ, "ಇನ್ನೊಂದಾದ್ರೆ ನೋಡೋಣ" ಅಂದ್ರು. ಅವರ ಬಾಯಲ್ಲಿ ನೋಡೋಣ ಅಂದ್ರೆ ಗಂಟುಮೂಟೆ ಕಟ್ಟು ಅಂತ.

ಮೀಟಿಂಗ್ ಮುಗಿಸಿ, ಉಳಿದ ಕೇಕಿನ ತಟ್ಟೆ ಹಿಡಿದು ಹೊರಗೆ ಬಂದೆ. ಕಾರಿಡಾರಿನ ಬೆಂಚಿನ ಮೇಲೆ ಆರು ವರ್ಷದ ಒಂದು ಹುಡುಗಿ, ಉದ್ದ ತೋಳಿನ ಸ್ವೆಟರ್ ಹಾಕ್ಕೊಂಡು, ಕಾಲು ಆಡಿಸ್ತಾ ಕೂತಿತ್ತು. ಮನೆಗೆ ಹೊರಟ ಮಗು ಅಂದ್ಕೊಂಡೆ.

"ಅಜ್ಜಿ, ಯಾರ ಹುಟ್ಟುಹಬ್ಬ?" ಅಂತು.

"ಯಾರದ್ದೂ ಅಲ್ಲ ಪುಟ್ಟಿ. ತಗೋ. ಯಾರಿಗೂ ಹೇಳಬೇಡ, ಆಮೇಲೆ ಎಲ್ಲ ಮಕ್ಕಳೂ ಮುತ್ಕೊಂಡುಬಿಡ್ತಾವೆ."

ಅರ್ಧ ಗಂಟೆಗೆ ವಾರ್ಡೆಲ್ಲ ಗುಲ್ಲು. ಹರ್ನಿಯಾ ಆಪರೇಷನ್ನಿಗೆ ಖಾಲಿ ಹೊಟ್ಟೇಲಿ ಇರಬೇಕಾದ ಫೆನ್ಯಾ ಅನ್ನೋ ಹುಡುಗಿಯ ಗಲ್ಲದ ಮೇಲೆ ಪ್ಲಮ್ ಕೇಕಿನ ಪುಡಿ! ಅರಿವಳಿಕೆ ಡಾಕ್ಟರು ಕೈ ಚೆಲ್ಲಿದ್ರು. ಆಪರೇಷನ್ ಸೋಮವಾರಕ್ಕೆ ಹೋಯ್ತು.

ಬೆಂಚಿನ ಮೇಲಿದ್ದ ಮಗು ಅದೇ! ಉಪವಾಸದ ಮಕ್ಕಳ ಕೈಗೆ ಕೆಂಪು ಪಟ್ಟಿ ಕಟ್ಟಿರ್ತಾರೆ. ಇಮ್ಕೆ ಕಟ್ಟೇ ಇದ್ಲು, ಸ್ವೆಟರಿನ ತೋಳಿನೊಳಗೆ. ತಿನ್ನೋಕೆ ಕೊಡೋ ಮುಂಚೆ ತೋಳು ಸರಿಸಿ ನೋಡಿ ಅಂತ ಹೊಸ ನರ್ಸುಗಳಿಗೆ ಪಾಠ ಹೇಳೋಳು ಯಾರು? ಇದೇ ಮಹಾತಾಯಿ.

ಪ್ರೊಫೆಸರ್ ರೂಮಿಗೆ ಕರೆ ಬಂತು. ಇಮ್ಕೆ ಗೋಡೆಗೆ ಒರಗಿ ನಿಂತಿದ್ಲು, ಮುಖ ಬಿಳಿಚಿಕೊಂಡಿತ್ತು.

"ಕೇಕೂ ನಿಮ್ಮದು, ಪೇಷಂಟೂ ನಿಮ್ಮದು" ಅಂದ್ರು ಪ್ರೊಫೆಸರ್. "ಮಗು ಕೈಗೆ ಸಿಗೋ ಹಾಗೆ ಇಟ್ಟಿದ್ದೀರಿ, ಅದು ಕದ್ದು ತಿಂದಿದೆ. ಬರೀರಿ ಸಿಸ್ಟರ್. ದರ್ಜೆ ಒಂದು. ಹೆಸರು, ಡಾಕ್ಟರ್ ಇಮ್ಕೆ."

"ಸರ್, ನಾನು ಹಾಗೆ ಇಟ್ಟಿರ್ಲಿಲ್ಲ..." ಅಂದ್ಲು ಇಮ್ಕೆ.

ನಾನು ರಿಜಿಸ್ಟರ್ ಬಿಚ್ಚಿದೆ. ನಿಜ ಹೇಳೋಕೆ ನಾಲಿಗೆ ಏಳ್ಲಿಲ್ಲ. ಹತ್ತೊಂಬತ್ತು ವರ್ಷದ ಹೆಸರು, ಒಂದು ತುಂಡು ಕೇಕಿಗೆ! "ಪೆನ್ನಲ್ಲಿ ಇಂಕಿಲ್ಲ ಸರ್, ತರ್ತೀನಿ" ಅಂತ ಸುಳ್ಳು ಹೇಳಿ ಓಡಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಕಾಲು ತಾನಾಗೇ ಫೆನ್ಯಾ ರೂಮಿಗೆ ಎಳ್ಕೊಂಡು ಹೋಯ್ತು. ಬಾಗಿಲ ಹತ್ರ ಅವಳಮ್ಮ ಸಿಕ್ಕಿ, "ಕ್ಷಮಿಸಿ ಸಿಸ್ಟರ್, ಮನೇಲಿ ಯಾವತ್ತೂ ಕದ್ದೋಳಲ್ಲ" ಅಂತ ನನ್ನ ಹತ್ರಾನೇ ಕ್ಷಮೆ ಕೇಳಿದ್ಲು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಫೆನ್ಯಾ ಮಂಚದ ಮೇಲೆ ಬಟ್ಟೆಯ ಕಡಲನಾಯಿ ಮರಿ ಗೊಂಬೇನ ತಬ್ಬಿಕೊಂಡು ಕೂತಿತ್ತು. ಅತ್ತು ಅತ್ತು ಕಣ್ಣು ಊದಿದ್ವು. ನನ್ನ ನೋಡಿ, ಹತ್ರ ಬಾ ಅಂತ ಬೆರಳಾಡಿಸ್ತು.

"ಅಜ್ಜಿ, ನಾನು ಹೇಳ್ಲಿಲ್ಲ" ಅಂತ ಕಿವೀಲಿ ಪಿಸುಗುಟ್ತು. "ಅಮ್ಮ ಕಳ್ಳಿ ಅಂದ್ಲು. ಐದು ಜನ ಡಾಕ್ಟರು ಕೇಳಿದ್ರು. ಯಾರಿಗೂ ಹೇಳ್ಲಿಲ್ಲ."

ನನಗೆ ಅಳು ತಡೀಲಿಕ್ಕೆ ಆಗ್ಲಿಲ್ಲ. ಆರು ವರ್ಷದ ಕೂಸು ನನ್ನ ತಪ್ಪು ಹೊತ್ಕೊಂಡು ಕೂತಿದೆ, ಅರವತ್ತರ ಈ ಕತ್ತೆ ಇಂಕು ಹುಡುಕ್ತಾ ಇದೆ!

"ಬಾ ಮಗಾ" ಅಂದೆ. ಅಮ್ಮನ್ನೂ ಕರೆದೆ. ಮೂರೂ ಜನ ಹೋಗಿ ಪ್ರೊಫೆಸರ್ ಮುಂದೆ ನಿಂತ್ವಿ.

"ಈಗ ಹೇಳು ಪುಟ್ಟಿ, ಕೇಕು ಕೊಟ್ಟಿದ್ದು ಯಾರು?"

"ಹೇಳಬಹುದಾ?"

"ಹೇಳು. ಜೋರಾಗಿ ಹೇಳು."

"ಈ ಅಜ್ಜಿ!"

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡ್ರು. ಫೆನ್ಯಾಳ ಅಮ್ಮ ನನ್ನ ಕಡೆ ಬೀರಿದ ನೋಟ ಇನ್ನೂ ಮರ್ತಿಲ್ಲ, ಮರೆಯೋದೂ ಬೇಡ. ಮಗಳನ್ನ ಎತ್ಕೊಂಡು ಮುತ್ತಿಟ್ಲು. ನಾನು ರಿಜಿಸ್ಟರಿನಲ್ಲಿ ದರ್ಜೆ ಒಂದು ಅಂತ ಬರೆದು, ಮುಂದೆ ನನ್ನ ಪೂರ್ತಿ ಹೆಸರು ದಪ್ಪಕ್ಷರದಲ್ಲಿ ಬರೆದೆ. ಇಮ್ಕೆ ಗೋಡೆ ಬಿಟ್ಟು ಕುರ್ಚಿ ಮೇಲೆ ಕುಸಿದು ಕೂತು, ಅಳ್ತಾಳೋ ನಗ್ತಾಳೋ ಗೊತ್ತಾಗದ ಹಾಗೆ ಮುಖ ಮುಚ್ಕೊಂಡ್ಲು.

"ಹಾಗಾದ್ರೆ ಸಾದಾ ಕೇಕು" ಅಂದ್ರು ಪ್ರೊಫೆಸರ್, ಗಡ್ಡದೊಳಗೇ ನಗ್ತಾ. "ಮನೇಲಿ ಮಾಡಿದ್ದು, ಸಿಸ್ಟರ್."

ಸೋಮವಾರ ಫೆನ್ಯಾಳ ಆಪರೇಷನ್ ಹೂವೆತ್ತಿದ ಹಾಗೆ ಆಯ್ತು. ಮಾಡಿದೋಳು ಇಮ್ಕೆ. ನನ್ನ ಪಾಡು ಗುರುವಾರ ಸಂಜೆ ಶುರುವಾಯ್ತು. ಒಂದು ಕೇಕು ಸುಟ್ಟು ಕರಿಕಲಾಯ್ತು, ಇನ್ನೊಂದು ಉಬ್ಬಲೇ ಇಲ್ಲ. ಉಬ್ಬದೇ ಇದ್ದದ್ದನ್ನೇ ಶುಕ್ರವಾರ ತಗೊಂಡು ಹೋದೆ. ಪ್ರೊಫೆಸರ್ ಒಂದು ತುಂಡು ಕಚ್ಚಿ, ದವಡೆ ಹಿಡ್ಕೊಂಡು, "ಇದು ಮೂರನೇ ದರ್ಜೆ, ಹಲ್ಲಿನ ಡಾಕ್ಟರನ್ನ ಕರೀಬೇಕು" ಅಂದ್ರು. ಹತ್ತೊಂಬತ್ತು ವರ್ಷದ ಸೇಡೆಲ್ಲ ಸೇರಿ ಎಲ್ಲರೂ ಬಿದ್ದು ಬಿದ್ದು ನಕ್ರು. ಎಲ್ಲರಿಗಿಂತ ಜೋರಾಗಿ ಇಮ್ಕೆ.

ಹೊಲಿಗೆ ತೋರಿಸೋಕೆ ಫೆನ್ಯಾ ಅವತ್ತೇ ಬಂದಿತ್ತು. ಸ್ವೆಟರಿನ ಎರಡೂ ತೋಳು ಸರಿಸಿ ನೋಡಿ, ಅವಳಮ್ಮನ್ನ ಕೇಳಿ, ಒಂದು ತುಂಡು ಕೊಟ್ಟೆ. ಕಚ್ತು. ಬಹಳ ಹೊತ್ತು ಜಗೀತು. ಕಷ್ಟಪಟ್ಟು ನುಂಗ್ತು. ಆಮೇಲೆ, ಹತ್ರ ಬಾ ಅಂತ ಬೆರಳಾಡಿಸ್ತು.

"ಹೆದರಬೇಡ ಅಜ್ಜಿ" ಅಂತ ಕಿವೀಲಿ ಹೇಳ್ತು. "ಇದನ್ನೂ ಯಾರಿಗೂ ಹೇಳಲ್ಲ."