ಹಾದಿಮನೆಯ ಹಿತ್ತಾಳೆ ಸೀಟಿ

ನಾನು ಒಂದು ಸೀಟಿ. ಅಪ್ಪಟ ಹಿತ್ತಾಳೆಯ ಸೀಟಿ. ಉದ್ದ ನೋಡಿದರೆ ನಿಮ್ಮ ಹೆಬ್ಬೆರಳಿನಷ್ಟೂ ಇಲ್ಲ. ನಗುವವರು ನಗಲಿ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತು ನನ್ನನ್ನು ನೋಡಿಯೇ ಹುಟ್ಟಿರಬೇಕು. ಐವತ್ತು ಜನ ಕೂತು, ಮೂವತ್ತು ಜನ ನಿಂತು, ಮೇಲೆ ನಾಲ್ಕು ಮೂಟೆ ಮೆಣಸಿನಕಾಯಿ ಹೇರಿಕೊಂಡ ಬಸ್ಸನ್ನು ಒಂದೇ ಉಸಿರಿಗೆ ನಿಲ್ಲಿಸಿದ ಗಂಟಲು ನನ್ನದು!

ನಾನು ಹುಟ್ಟಿದ್ದು ಕತ್ತಲು ಕತ್ತಲಾದ ಒಂದು ಕಾರ್ಖಾನೆಯಲ್ಲಿ. ಊರಿನ ಹೆಸರು ನನಗೆ ಯಾರೂ ಹೇಳಲಿಲ್ಲ. ಕತ್ತರಿಸಿದರು, ಬಾಗಿಸಿದರು, ಬೆಸುಗೆ ಹಾಕಿದರು, ಕಡೆಗೆ ಹೊಟ್ಟೆಯೊಳಗೆ ಬೆಂಡಿನದೊಂದು ಪುಟ್ಟ ಗುಂಡು ತುರುಕಿದರು. ಮಾಡಿದವನು ನನ್ನನ್ನು ತುಟಿಗಿಟ್ಟು ಪರೀಕ್ಷೆಗೆಂದು ಒಮ್ಮೆ ಊದಿದ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಬಿದ್ದು ಓಡಿತು. ಅದು ನನ್ನ ಮೊದಲ ಅಳು. ಅಂದಿನಿಂದ ಮೆತ್ತಗೆ ಮಾತಾಡುವುದು ನನಗೆ ಬರಲೇ ಇಲ್ಲ.

ನನ್ನನ್ನು ಕೊಂಡವನು ಗದಗಿನ ಫಕೀರಪ್ಪ. ಬಸ್ ಕಂಡಕ್ಟರ್ ಕೆಲಸ ಸಿಕ್ಕ ದಿನವೇ ಅಂಗಡಿಗೆ ಬಂದು, ಪೆಟ್ಟಿಗೆಯಲ್ಲಿದ್ದ ಸೀಟಿಗಳನ್ನೆಲ್ಲ ಊದಿ ಊದಿ ಅಂಗಡಿಯವನ ಕಿವಿ ಕಿವುಡು ಮಾಡಿ ನನ್ನನ್ನು ಆರಿಸಿದ. ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ. ಮೂವತ್ತೊಂದು ವರ್ಷ ಅವನ ಎದೆಯ ಮೇಲೆ ಕುಣಿದೆ. ಮುಂಡರಗಿ, ಲಕ್ಷ್ಮೇಶ್ವರ, ರೋಣ, ನಾವು ತುಳಿಯದ ದಾರಿ ಇಲ್ಲ.

ನಮ್ಮ ಕಾನೂನು ಬಹಳ ಸರಳ. ಒಂದು ಸೀಟಿ ಎಂದರೆ ನಿಲ್ಲು. ಎರಡು ಸೀಟಿ ಎಂದರೆ ನಡಿ. ಡ್ರೈವರ್ ತಿರುಗಿ ನೋಡುವುದಿಲ್ಲ, ಏಕೆ ಎಂದು ಕೇಳುವುದಿಲ್ಲ. ಮುದುಕಿಯೊಬ್ಬಳ ಒಂದು ಕಾಲು ಇನ್ನೂ ನೆಲದ ಮೇಲಿದೆಯೋ ಇಲ್ಲವೋ ಅವನಿಗೇನು ಗೊತ್ತು? ಅವನು ನಂಬುವುದು ನನ್ನನ್ನೇ. ಆ ನಂಬಿಕೆಯ ಮೇಲೆ ಲಕ್ಷಗಟ್ಟಲೆ ಜನ ಹತ್ತಿದರು, ಇಳಿದರು. ನನಗೆ ಸೊಕ್ಕು ಬಂದಿದ್ದರೆ ಆಶ್ಚರ್ಯವೇನು?

ಫಕೀರಪ್ಪ ನಿವೃತ್ತನಾದ. ಸೀಟಿಯ ಚಟ ನಿವೃತ್ತವಾಗಲಿಲ್ಲ. ಸೊಸೆ ಬಡಿಸುವಾಗ ಸಾಕು ಎನ್ನಲು ಒಂದು ಸೀಟಿ, ಇನ್ನಷ್ಟು ಬೇಕಾದರೆ ಎರಡು. ಹದಿನೈದು ದಿನ ಸಹಿಸಿದ ಸೊಸೆ ಕೈ ಮುಗಿದಳು.

"ಮಾವಾರ, ನಿಮ್ಮ ಕಾಲು ಬೀಳ್ತೀನಿ, ಹೊರಗರ ಒಂದೀಟು ಅಡ್ಡಾಡಿ ಬರ್ರಿ."

ಅಡ್ಡಾಡಲು ಹೊರಟ ಕಂಡಕ್ಟರನ ಕಾಲು ಎಲ್ಲಿಗೆ ಹೋಗುತ್ತದೆ? ಬಸ್ ನಿಲ್ದಾಣಕ್ಕೆ! ಅದರ ಹಿಂದೆಯೇ ಒಂದು ಹಳೆಯ ಹತ್ತಿ ಗೋದಾಮಿತ್ತು. ಅದರ ಹೆಸರು ಹಾದಿಮನೆ.

ಹಾದಿಮನೆ ಕಟ್ಟಿದವಳು ಮೆಹರುನ್ನೀಸಾ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಊರಿಗೆಲ್ಲ ಸಿಸ್ಟರ್. ಮನೆ ಬಿಟ್ಟು ಬಂದವರು, ಮನೆಯವರು ಹೊರಗೆ ಹಾಕಿದವರು, ನಿಲ್ದಾಣದ ಕಲ್ಲುಬೆಂಚನ್ನೇ ಹಾಸಿಗೆ ಮಾಡಿಕೊಂಡವರು, ಹೀಗೆ ಹದಿನಾರರಿಂದ ಇಪ್ಪತ್ತೆರಡರೊಳಗಿನ ಮಕ್ಕಳಿಗೆ ಅಲ್ಲಿ ಸ್ನಾನಕ್ಕೆ ನೀರು, ತಟ್ಟೆ ತುಂಬ ಉಪ್ಪಿಟ್ಟು, ಮಲಗಲು ಜಾಗ, ಕಾಗದಪತ್ರ ಇಡಲು ಒಂದೊಂದು ತಗಡಿನ ಡಬ್ಬಿ. ಉಪ್ಪಿಟ್ಟು ನಿಲ್ದಾಣದ ಕ್ಯಾಂಟೀನಿನವರದು. ಓಣಿಯ ಕ್ಷೌರಿಕ ಭಾನುವಾರ ತಾನೇ ಬಂದು ತಲೆಗೂದಲು ಕತ್ತರಿಸುತ್ತಿದ್ದ. ಆಸ್ಪತ್ರೆಗೆ, ಶಾಲೆಗೆ, ಪೊಲೀಸ್ ಠಾಣೆಗೆ ಜೊತೆಗೆ ಹೋಗಲು ಸಿಸ್ಟರ್ ಇದ್ದೇ ಇದ್ದಳು.

ಆ ಮನೆಗೆ ಒಂದು ಪದ್ಧತಿಯಿತ್ತು. ಒಳಗೆ ಬಾ ಎಂದು ಯಾರ ಕೈಯನ್ನೂ ಎಳೆಯುವುದಿಲ್ಲ, ಹೋಗುತ್ತೇನೆಂದವರನ್ನು ತಡೆಯುವುದಿಲ್ಲ. ಬರುವುದೂ ಅವರ ಕಾಲಲ್ಲಿ, ಹೋಗುವುದೂ ಅವರ ಕಾಲಲ್ಲಿ.

ಹುಲಿಗೆವ್ವ ಎಂಬ ಹುಡುಗಿಗೆ ಅದೂ ಸಾಲದಾಗಿತ್ತು. ಹದಿನೇಳು ವರ್ಷ. ತಾಯಿ ತೀರಿಕೊಂಡ ಮೇಲೆ ಚಿಕ್ಕಪ್ಪ ಅವಳನ್ನು ಕೋಣೆಯಲ್ಲಿ ಕೂಡಿ ಹಾಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದನಂತೆ. ಕಿಟಕಿಯಿಂದ ಹಾರಿ ಬಂದವಳು. ಒಂದು ವರ್ಷದಿಂದ ನಿಲ್ದಾಣವೇ ಮನೆ. ಹಾದಿಮನೆಯ ನಲ್ಲಿಯವರೆಗೆ ಬರುವಳು, ಹೊಸ್ತಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು ತಿನ್ನುವಳು, ತಟ್ಟೆ ತೊಳೆದಿಟ್ಟು ಹೋಗಿಬಿಡುವಳು. ಒಳಗೆ ಒಂದು ಹೆಜ್ಜೆ? ಊಹೂಂ.

"ಊರಿಗೆ ಬಂದಾಕಿ ನೀರಿಗೆ ಬರ್ದ ಇರ್ತಾಳೇನ್ರಿ? ಬರ್ತಾಳ," ಎನ್ನುತ್ತಿದ್ದಳು ಸಿಸ್ಟರ್. ಬಾಯಲ್ಲಿ ಹಾಗೆನ್ನುತ್ತಿದ್ದರೂ ಒಂಟಿ ಹುಡುಗಿ ಬೆಂಚಿನ ಮೇಲೆ ಮಲಗುತ್ತಾಳಲ್ಲ ಎಂಬ ಚಿಂತೆಗೆ ಅವಳ ಮುಖ ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಆಗ ಬಂದೆವು ನಾವು, ಫಕೀರಪ್ಪ ಮತ್ತು ನಾನು! ಗೋದಾಮಿನ ಪಕ್ಕದ ಬಯಲು ನೋಡಿದ್ದೇ ತಡ, ಅವನಿಗೆ ಶಾಲೆಯಲ್ಲಿ ಆಡಿದ ಖೋ ಖೋ ನೆನಪಾಯಿತು. ಎರಡು ಕಂಬ ನೆಟ್ಟ, ಸುಣ್ಣದ ಗೆರೆ ಹಾಕಿದ, ಹಾದಿಮನೆಯ ಹುಡುಗಿಯರನ್ನೂ ಓಣಿಯ ಹುಡುಗಿಯರನ್ನೂ ಸಾಲಾಗಿ ಕೂಡಿಸಿದ. ನನ್ನನ್ನು ತುಟಿಗಿಟ್ಟು ಎರಡು ಸಲ ಊದಿದ. ನಲ್ಲಿಯ ಹತ್ತಿರ ಕೂತಿದ್ದ ಹುಲಿಗೆವ್ವ ತಟ್ಟೆ ಬಿಟ್ಟು ಎದ್ದು ಓಡಿ ಬಂದಳು. ಯಾರೂ ಕರೆದಿರಲಿಲ್ಲ. ಕರೆದವನು ನಾನೇ!

ಅವಳ ಓಟ ನೋಡಬೇಕಿತ್ತು ನೀವು. ಕಂಬ ಸುತ್ತಿದರೆ ಧೂಳು ಮಾತ್ರ ಕಾಣುತ್ತಿತ್ತು. ಫಕೀರಪ್ಪ ಒಂದು ಊದಿದರೆ ನಿಲ್ಲುವಳು, ಎರಡು ಊದಿದರೆ ಬಾಣ. ವರ್ಷವಿಡೀ ಬಸ್ ನಿಲ್ದಾಣದಲ್ಲೇ ಕಳೆದವಳಿಗೆ ನನ್ನ ಭಾಷೆ ಕಲಿಸಬೇಕೇ? ಮೂರು ತಿಂಗಳಲ್ಲಿ ತಂಡ ಸಿದ್ಧವಾಯಿತು. ಊರಿನ ಯುವಕ ಸಂಘದ ಪಂದ್ಯಕ್ಕೆ ಹೆಸರು ಕೊಟ್ಟರು. ಹಿಂದಿನ ದಿನ ಹುಲಿಗೆವ್ವ ಹೊಸ್ತಿಲ ಹೊರಗೇ ನಿಂತು, ನೆಲ ನೋಡುತ್ತ ಹೇಳಿದಳು:

"ಸಿಸ್ಟರ್, ನಾಳೆ ಗೆದ್ರ ನಾ ಒಳಗ ಬರ್ತೀನ್ರಿ."

ಸಿಸ್ಟರ್ ಒಳಗೆ ಹೋಗಿ ಒಂದು ಹೊಸ ಚಾದರ ಕೊಡವಿ ಖಾಲಿ ಮಂಚಕ್ಕೆ ಹಾಸಿದಳು.

ಪಂದ್ಯದ ದಿನ ಅಂಪೈರನ ಕೊರಳಲ್ಲಿ ಪ್ಲಾಸ್ಟಿಕ್ಕಿನದೊಂದು ಸೀಟಿ. ನಾನು ಫಕೀರಪ್ಪನ ಜೇಬಿನಲ್ಲಿ ಚಡಪಡಿಸುತ್ತಿದ್ದೆ. ಕೊನೆಯ ನಿಮಿಷ. ಎದುರು ತಂಡದ ಇನ್ನೊಬ್ಬಳನ್ನು ಮುಟ್ಟಿದರೆ ಗೆಲುವು ನಮ್ಮದು. ಹುಲಿಗೆವ್ವ ಎದ್ದಳು, ಅವಸರದಲ್ಲಿ ಗೆರೆ ತುಳಿದಳು. ಅಂಪೈರ್ ಚಿಕ್ಕದಾಗಿ ಎರಡು ಸಲ ಊದಿದ.

ಆಟದ ನಿಯಮದಲ್ಲಿ ಅದಕ್ಕೆ ತಪ್ಪಾಯಿತು, ಹಿಂದಕ್ಕೆ ಹೋಗು ಎಂದು ಅರ್ಥವಂತೆ. ನಮ್ಮ ಹುಡುಗಿಗೆ ಎರಡು ಸೀಟಿ ಎಂದರೆ ಒಂದೇ ಅರ್ಥ. ನಡಿ! ಅಂಪೈರ್ ಊದಿದಷ್ಟೂ ಅವಳು ಜೋರಾಗಿ ಓಡಿದಳು. ಮುಟ್ಟಿದಳು, ಎರಡೂ ಕೈ ಎತ್ತಿ ಕುಣಿದಳು. ಬಯಲೆಲ್ಲ ಗೊಳ್ಳೆಂದು ನಕ್ಕಿತು. ಆ ಮುಟ್ಟು ಲೆಕ್ಕಕ್ಕೆ ಬರಲಿಲ್ಲ, ಅಷ್ಟರಲ್ಲಿ ಹೊತ್ತೂ ಮುಗಿದಿತ್ತು, ನಾವು ಸೋತಿದ್ದೆವು.

"ಬಸ್ ಸ್ಟ್ಯಾಂಡಿನ ಹುಡುಗಿಗೆ ಬಸ್ಸಿನ ಸೀಟೀನ ಗೊತ್ತು, ಆಟದ್ದು ಏನ್ ಗೊತ್ತಿರತೈತಿ?" ಎಂದು ಯಾರೋ ಕೂಗಿದರು.

ಹುಲಿಗೆವ್ವನ ಕೈಗಳು ಕೆಳಗಿಳಿದವು. ಫಕೀರಪ್ಪ ಜೇಬಿನೊಳಗೆ ಕೈ ಹಾಕಿ ನನ್ನನ್ನು ಮುಚ್ಚಿ ಹಿಡಿದ. ನಿಯಮದ ಪುಸ್ತಕವನ್ನು ಅವನು ತೆರೆದೇ ನೋಡಿರಲಿಲ್ಲ, ಮೂವತ್ತೊಂದು ವರ್ಷ ಊದಿದವನಿಗೆ ಊದುವುದನ್ನು ಪುಸ್ತಕ ಕಲಿಸಬೇಕೇ ಎಂಬ ಜಂಬ. ಆ ಜಂಬದಲ್ಲಿ ನನ್ನದೂ ಅರ್ಧ ಪಾಲಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗಾಯಿತು ನಮ್ಮಿಬ್ಬರ ಗತಿ. ಹುಡುಗಿ ಜನರ ನಡುವೆ ನುಸುಳಿ ಹೋದಳು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಅವಳಿಲ್ಲ. ತಟ್ಟೆ ಹಾಗೇ ಇತ್ತು. ಕ್ಯಾಂಟೀನಿನವನು ಓಡಿ ಬಂದ.

"ಸಿಸ್ಟರ್, ಹುಲಿಗಿ ಕೊಲ್ಲಾಪುರದ ಬಸ್ ಹತ್ಯಾಳ್ರಿ! ಕೈಯಾಗ ಚೀಲ ಐತಿ!"

ಕೊಲ್ಲಾಪುರದಲ್ಲಿ ಅವಳಿಗೆ ಯಾರಿದ್ದಾರೆ? ನರಪಿಳ್ಳೆಯೂ ಇಲ್ಲ. ಫಕೀರಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಅರವತ್ತು ದಾಟಿದ ಕಾಲು, ಎದೆ ತಿದಿಯೊತ್ತಿದಂತೆ ಏರಿಳಿಯುತ್ತಿತ್ತು, ನಾನು ಅಂಗಿಯ ಗುಂಡಿಗಳಿಗೆ ಬಡಿದು ಬಡಿದು ಠಣಠಣ ಎನ್ನುತ್ತಿದ್ದೆ. ನಾವು ನಿಲ್ದಾಣಕ್ಕೆ ತಲುಪಿದಾಗ ಬಸ್ಸು ಗೇಟು ದಾಟಿ ರಸ್ತೆಗೆ ತಿರುಗುತ್ತಿತ್ತು. ಕೂಗಿದರೆ ಯಾರಿಗೆ ಕೇಳಬೇಕು? ಹಾರ್ನು, ಕಡಲೆ ಮಾರುವವರು, ಧ್ವನಿವರ್ಧಕ! ಅವನ ಎದೆಯಲ್ಲಿ ಉಳಿದದ್ದು ಒಂದೇ ಉಸಿರು. ಅದನ್ನು ನನಗೆ ಕೊಟ್ಟ.

ಆಹಾ, ಏನು ಊದಿದ, ಏನು ಕೂಗಿದೆ! ಜನ್ಮವೆಲ್ಲ ಕೂಗಿದ್ದು ಈ ಒಂದು ಕೂಗಿಗೆ ತಾಲೀಮಾಗಿತ್ತೇನೋ. ಒಂದು ಸೀಟಿ. ಡ್ರೈವರ್ ತಿರುಗಿ ನೋಡಲಿಲ್ಲ, ಏಕೆ ಎಂದು ಕೇಳಲಿಲ್ಲ. ಬಸ್ಸು ಗಕ್ಕನೆ ನಿಂತಿತು!

ಕಂಡಕ್ಟರ್ ಧಡಧಡ ಇಳಿದು ಬಂದ. "ಯಾರ್ರೀ ಅದು ಸೀಟಿ ಹೊಡದಾವ್ರು? ಕಂಡಕ್ಟರ್ ನಾನೋ ನೀವೋ?"

ಫಕೀರಪ್ಪ ಅವನಿಗೆ ಕೈ ಮುಗಿದು ಬಸ್ ಹತ್ತಿದ. ಹಿಂದಿನ ಸೀಟಿನಲ್ಲಿ ಹುಲಿಗೆವ್ವ ಚೀಲ ಅವುಚಿಕೊಂಡು ಕೂತಿದ್ದಳು.

"ನಾ ಬರಂಗಿಲ್ಲಜ್ಜಾ. ಎಲ್ಲಾರ ಮಾನ ಕಳದೆ. ಯಾವ ಮಾರಿ ಇಟ್ಕೊಂಡು ಬರ್ಲಿ?"

"ಕಳದಾಕಿ ನೀ ಅಲ್ಲವ್ವಾ. ತಪ್ಪು ನಂದು," ಎಂದ ಫಕೀರಪ್ಪ. "ನಿಯಮ ಓದದ ಕಲಸಿದೆ. ನೀ ನಾ ಹೇಳಿದಂಗ ಓಡಿದಿ. ನಿನ್ನೇನ ಇದನ್ನ ಎಲ್ಲಾರ ಮುಂದ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಈಗ ಹೇಳಾಕ ಬಂದೀನಿ."

ಹುಡುಗಿ ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದಳು. ಅವನು ದಾರವನ್ನು ಕೊರಳಿಂದ ತೆಗೆದ. ಮೂವತ್ತೊಂದು ವರ್ಷದಲ್ಲಿ ಬೇರೆಯವರ ಕೈಗೆ ನನ್ನನ್ನು ಕೊಟ್ಟವನಲ್ಲ. ಅವಳ ಅಂಗೈಯಲ್ಲಿಟ್ಟ.

"ನಿಲ್ಸೋದಷ್ಟ ನನ್ನ ಕೆಲಸ. ನಡಿ ಅನ್ನಾಕಿ ನೀನ. ಇಲ್ಲೆ ಕುಂತು ಊದಿದ್ರ ನಾ ಇಳದು ಹೋಗ್ತೀನಿ. ಇಳದು ಊದಿದ್ರ ಬಸ್ ಹೋಗ್ತೈತಿ."

ನನಗೂ ಎದೆಯಿದ್ದಿದ್ದರೆ ಒಡೆದು ಹೋಗುತ್ತಿತ್ತು. ಬಸ್ಸಿನಲ್ಲಿ ಗುಸುಗುಸು. ಮುಂದೆ ಕೂತ ಮುದುಕಿಯೊಬ್ಬಳು ತಡೆಯಲಾರದೆ ತಿರುಗಿದಳು.

"ಇಳೀತಿಯೋ ಕುಂಡ್ರತಿಯೋ, ಒಂದು ಮಾಡವ್ವಾ ತಾಯಿ! ನನ್ನ ಬಸರಿ ಮೊಮ್ಮಗಳ ಕುಬಸ ಐತಿ, ಹೊತ್ತಾಗ್ತೈತಿ!"

ಹುಲಿಗೆವ್ವನಿಗೆ ಅಳುವಿನ ನಡುವೆಯೇ ನಗು ಬಂತು. ಎದ್ದಳು. ಒಂದು ಮೆಟ್ಟಿಲು, ಎರಡು ಮೆಟ್ಟಿಲು, ನೆಲ. ಹಿಂದೆಯೇ ಫಕೀರಪ್ಪನೂ ಇಳಿದ. ನನ್ನನ್ನು ತುಟಿಗಿಟ್ಟಳು. ಊದಿದಳು, ಮತ್ತೆ ಊದಿದಳು. ಎರಡು ಸೀಟಿ!

ಬಸ್ಸು ಹೊರಟೇಬಿಟ್ಟಿತು. "ಏ, ನಾ ಇನ್ನಾ ಹತ್ತಿಲ್ಲೋ!" ಎಂದು ಕಿರುಚುತ್ತ ಕಂಡಕ್ಟರ್ ಅದರ ಹಿಂದೆ ಓಡಿದ. ನಿಲ್ದಾಣಕ್ಕೆ ನಿಲ್ದಾಣವೇ ಬಿದ್ದು ಬಿದ್ದು ನಕ್ಕಿತು. ಈ ಸಲದ ನಗುವಿನಲ್ಲಿ ಹುಲಿಗೆವ್ವನೂ ಇದ್ದಳು.

ಹಾದಿಮನೆಯ ಬಾಗಿಲಿಗೆ ಬಂದು ನಿಂತಳು. ಕತ್ತು ಚಾಚಿ ಕದದ ಹೊರಮೈ ನೋಡಿದಳು. ಚಿಲಕ ಇರಬೇಕಾದ ಕಡೆ ಮೊಳೆ ಕಿತ್ತ ನಾಲ್ಕು ತೂತು. ಒಂದೊಂದಕ್ಕೂ ಬೆರಳಿಟ್ಟು ನೋಡಿದಳು. ಆಮೇಲೆ ಹೊಸ್ತಿಲು ದಾಟಿದಳು. ಸಿಸ್ಟರ್ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವಳು, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ ಹಾಗೇ ಅತ್ತಳು.

ಇದಾಗಿ ಹತ್ತು ವರ್ಷ. ಫಕೀರಪ್ಪನ ಮಂಡಿ ಸೋತಿದೆ, ಈಗ ಮನೆಯಲ್ಲೇ ಇದ್ದಾನೆ. ಬಡಿಸುವಾಗ ಸೀಟಿಯಿಲ್ಲದೆ ಬರೀ ಬಾಯಲ್ಲಿ ಸಾಕು ಎನ್ನುತ್ತಾನಂತೆ. ಹುಲಿಗೆವ್ವ ಹಾದಿಮನೆಯ ಕೆಲಸಕ್ಕೆ ನಿಂತಿದ್ದಾಳೆ. ದಿನಾ ಬೆಳಿಗ್ಗೆ ಪ್ಲಾಟ್‌ಫಾರಂ ಸುತ್ತಿ ಯಾರು ಹೊಸಬರು ಎಂದು ನೋಡಿ ಬರುತ್ತಾಳೆ. ಖೋ ಖೋ ಕಲಿಸುತ್ತಾಳೆ, ನಿಯಮದ ಪುಸ್ತಕ ಬಾಯಿಪಾಠ. ಅದಕ್ಕೆ ಅವಳ ಹತ್ತಿರ ಪ್ಲಾಸ್ಟಿಕ್ ಸೀಟಿಯಿದೆ. ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ನಾನು ಬಾಗಿಲ ಪಕ್ಕದ ಮೊಳೆಯಲ್ಲಿದ್ದೇನೆ. ಹೊಟ್ಟೆಯ ಗುಂಡು ಸವೆದು ಪುಡಿಯಾಗಿ ಉದುರಿ ಹೋಯಿತು, ಬೆಸುಗೆಯೂ ಬಿಟ್ಟಿತು, ಊದಿದರೆ ಬರೀ ಗಾಳಿ. ಆದರೂ ಕೆಲಸ ತಪ್ಪಿಲ್ಲ. ಅಂದಿನಿಂದ ಇಲ್ಲಿ ಹೊಸ ಪದ್ಧತಿ ಬಂದಿದೆ. ಇರುತ್ತೇನೆಂದು ತೀರ್ಮಾನಿಸಿದವರು ಹೊಸ್ತಿಲಲ್ಲಿ ನಿಂತು ನನ್ನನ್ನು ಎರಡು ಸಲ ಊದಬೇಕು.

ಮೊನ್ನೆ ಹತ್ತೊಂಬತ್ತರ ಯುವಕನೊಬ್ಬ ಬಂದಿದ್ದ. ಕೈಗೆ ಪಟ್ಟಿ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾಲ್ಕು ದಿನ ನಲ್ಲಿಯ ಹತ್ತಿರವೇ ಕೂತ. ಐದನೆಯ ದಿನ ತಾನಾಗಿ ಎದ್ದು ಬಾಗಿಲಿಗೆ ಬಂದ. ಹುಲಿಗೆವ್ವ ಮೊಳೆಯಿಂದ ನನ್ನನ್ನು ಬಿಡಿಸಿ ಅವನ ಕೈಗಿಟ್ಟಳು. ಊದಿದ. ಫುಸ್ ಎಂದಿತು.

"ಇದು ಊದಂಗಿಲ್ಲಲ್ಲಕ್ಕಾ," ಎಂದ, ನಾಚಿಕೊಂಡು ನನ್ನನ್ನು ಹಿಂದಕ್ಕೆ ಚಾಚಿದ.

ಅವಳು ತೆಗೆದುಕೊಳ್ಳಲಿಲ್ಲ. ಒಳಗೆ ಆಗಲೇ ಯಾರೋ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದರು.

"ಒಂದ ಸಲ ಊದಿದ್ರ ನಿಂದ್ರು ಅಂತ ಅರ್ಥ ತಮ್ಮಾ," ಎಂದಳು ಹುಲಿಗೆವ್ವ. "ಇನ್ನೊಮ್ಮೆ ಊದು."

ಅವನು ಇನ್ನೊಮ್ಮೆ ಊದಿದ.